ಟೂಲ್‌ಬಾರಿನ ಲೋಪವೂ ಪುನರ್ದರ್ಶನವೂ

ವ್ಯಾಕರಣಶಾಸ್ತ್ರದಲ್ಲಿ ಲೋಪವೆಂಬುದೊಂದು ಸಂಜ್ಞೆ. ಪಾಣಿನಿಮಹರ್ಷಿಯು ಅದನ್ನು ನಾಶವೆನ್ನದೆ, ಕಾಣದಿರುವಿಕೆಯೆಂದು ನಿರೂಪಿಸಿದ್ದಾನೆ. ‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರಿ ‘ಊರಲ್ಲಿ’ ಎಂದಾದಾಗ ಉಕಾರವು ಕಾಣದು. ಪದವನ್ನು ಬಿಡಿಸಿದೊಡನೆ ಮರಳಿ ಕಾಣುತ್ತದೆ. ಗಣಕಯಂತ್ರದಲ್ಲಿ ಪ್ರಶ್ನಪತ್ರಿಕೆಯನ್ನೋ ಪಾಠಟಿಪ್ಪಣಿಯನ್ನೋ ಸಿದ್ಧಪಡಿಸುವ ಅಧ್ಯಾಪಕರಿಗೆ ಈ ವಿವೇಕವು ಬಹೂಪಯೋಗಿಯಾದುದು.

ಬರೆಯುತ್ತಿರುವಾಗಲೇ ಪರದೆಯ ಮೇಲಣ ಟೂಲ್‌ಬಾರು ಕಣ್ಮರೆಯಾದರೆ, ಬರೆದುದೆಲ್ಲ ಹೋಯಿತೆಂದು ಗಾಬರಿಗೊಂಡು ಯಂತ್ರವನ್ನೇ ಆರಿಸಿಬಿಡುವವರುಂಟು. ಬರಹಕ್ಕೆ ನಿಜವಾದ ಅಪಾಯವು ಒದಗುವುದು ಆಗಲೇ. ಟೂಲ್‌ಬಾರಿನ ಏರ್ಪಾಡು ಸಾಮಾನ್ಯವಾಗಿ ಬಳಕೆದಾರನ ಪ್ರೊಫೈಲಿನಲ್ಲಿರುತ್ತದೆಯೇ ಹೊರತು ಕಡತದಲ್ಲಲ್ಲ. ಆದುದರಿಂದ ಮೊದಲು ಕಂಟ್ರೋಲ್ ಕೀಲಿಯೊಡನೆ ಎಸ್ ಒತ್ತಿ ಬರಹವನ್ನು ಉಳಿಸಬೇಕು. ಟೂಲ್‌ಬಾರು ಕಾಣದಿದ್ದರೂ ಈ ಕೀಲಿಗಳು ಕೆಲಸಮಾಡುತ್ತವೆ. ಅನಂತರವೇ ಕಾರಣಶೋಧನೆ.

೨೦೧೦ರಲ್ಲಿ ಆರಂಭವಾದ, ಉಚಿತವಾಗಿ ದೊರೆಯುವ ಲಿಬ್ರೆಆಫೀಸಿನ ರೈಟರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೆನು ಸಹ ಕಾಣದೆ ಪುಟವೇ ಪರದೆಯನ್ನೆಲ್ಲ ವ್ಯಾಪಿಸಿದ್ದರೆ ಅದು ಪೂರ್ಣಪರದೆಯ ಸ್ಥಿತಿ. ಕಂಟ್ರೋಲ್, ಶಿಫ್ಟ್, ಜೆ ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಮೊದಲಿನಂತಾಗುತ್ತದೆ. ಮೆನು ಕಾಣುತ್ತಿದ್ದರೆ ‘ವ್ಯೂ’ ಎಂಬಲ್ಲಿಯ ‘ಯೂಸರ್ ಇಂಟರ್‌ಫೇಸ್’ ತೆರೆದು, ‘ಸ್ಟ್ಯಾಂಡರ್ಡ್ ಟೂಲ್‌ಬಾರ್’ ಎಂಬ ವಿನ್ಯಾಸವು ಆಯ್ಕೆಯಾಗಿದೆಯೇ ಎಂದು ನೋಡಬೇಕು. ‘ಟ್ಯಾಬ್ಡ್’ ವಿನ್ಯಾಸದಲ್ಲಿ ಪರಿಚಿತವಾದ ಎರಡು ಸಾಲುಗಳು ಇರುವುದಿಲ್ಲ. ಬಳಿಕ ಅದೇ ‘ವ್ಯೂ’ ಮೆನುವಿನ ‘ಟೂಲ್‌ಬಾರ್ಸ್’ ಪಟ್ಟಿಯಲ್ಲಿ ‘ಸ್ಟ್ಯಾಂಡರ್ಡ್’ ಮತ್ತು ‘ಫಾರ್ಮ್ಯಾಟಿಂಗ್’ ಎಂಬ ಹೆಸರುಗಳಿಗೆ ಗುರುತು ಹಾಕಬೇಕು.

ಟೂಲ್‌ಬಾರು ಪುಟದ ನಡುವೆ ತೇಲುತ್ತಿದ್ದರೆ ಅದರ ತಲೆಪಟ್ಟಿಯನ್ನು ಹಿಡಿದು ಮೇಲಂಚಿಗೆ ಎಳೆದು ಬಿಡಬೇಕು. ಕೆಲವು ಚಿಹ್ನೆಗಳು ಮಾತ್ರ ಕಾಣದಿದ್ದರೆ ಕಿಟಕಿಯು ಕಿರಿದಾಗಿರಬಹುದು. ಸಾಲಿನ ಬಲತುದಿಯ ಜೋಡಿಬಾಣವನ್ನು ಒತ್ತಿದರೆ ಅವು ಹೊರಬರುತ್ತವೆ.

ಇಷ್ಟರಿಂದಲೂ ಸರಿಹೋಗದಿದ್ದರೆ ‘ಹೆಲ್ಪ್’ ಮೆನುವಿನ ‘ರೀಸ್ಟಾರ್ಟ್ ಇನ್ ಸೇಫ್ ಮೋಡ್’ ಎಂಬುದನ್ನು ಆರಿಸಬೇಕು. ಅಲ್ಲಿ ಟೂಲ್‌ಬಾರು ಸರಿಯಾಗಿ ಕಂಡರೆ ದೋಷವು ಪ್ರೊಫೈಲಿನಲ್ಲಿದೆಯೆಂದು ತಿಳಿಯಬೇಕು. ಆಗ ಹೊಂದಿಕೆಗಳನ್ನೂ ಮುಖವಿನ್ಯಾಸವನ್ನೂ ಮಾತ್ರ ಮೊದಲಿನಂತಾಗಿಸುವ ಆಯ್ಕೆಯೇ ಯುಕ್ತವಾದುದು. ಇಡೀ ಪ್ರೊಫೈಲನ್ನೇ ಅಳಿಸಿದರೆ, ಬಳಕೆದಾರನು ವರ್ಷಗಟ್ಟಲೆ ತನ್ನ ನಿಘಂಟಿಗೆ ಸೇರಿಸಿದ ಪದಗಳೂ ಹೋಗುತ್ತವೆ. ಶಬ್ದಸಂಗ್ರಹದ ಬೆಲೆಯನ್ನು ಬಲ್ಲ ಭಾಷಾಧ್ಯಾಪಕರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ.

ಮೈಕ್ರೋಸಾಫ್ಟ್ ವರ್ಡಿನಲ್ಲಿ ೨೦೦೭ರ ಆವೃತ್ತಿಯಿಂದ ಟೂಲ್‌ಬಾರಿನ ಸ್ಥಾನಕ್ಕೆ ರಿಬ್ಬನ್ ಬಂದಿದೆ. ಮೇಲೆ ಹೆಸರುಗಳಷ್ಟೇ ಉಳಿದು ಕೆಳಗಿನ ಚಿಹ್ನೆಗಳು ಕಾಣದಿದ್ದರೆ ರಿಬ್ಬನ್ ಮಡಚಿಕೊಂಡಿದೆಯೆಂದರ್ಥ. ಕಂಟ್ರೋಲಿನೊಡನೆ ಎಫ್ ೧ ಒತ್ತಿದರೆ, ಅಥವಾ ‘ಹೋಮ್’ ಎಂಬ ಹೆಸರನ್ನು ಎರಡು ಸಲ ಒತ್ತಿದರೆ, ಅದು ಬಿಚ್ಚಿಕೊಳ್ಳುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಕೀಲಿಯನ್ನೂ ಜೊತೆಗೆ ಒತ್ತಬೇಕಾದೀತು.

ವಿದ್ಯಾರ್ಥಿಗೆ ಸಂಧಿಯನ್ನು ಬಿಡಿಸಲು ಕಲಿಸುವಾಗ ನಾವು ಒಂದೊಂದೇ ಪದವನ್ನು ಬೇರ್ಪಡಿಸಿ ತೋರಿಸುತ್ತೇವೆ. ಇಲ್ಲಿಯೂ ಅದೇ ಕ್ರಮ: ಮೊದಲು ಬರಹದ ರಕ್ಷಣೆ, ಬಳಿಕ ಸುಲಭವಾದ ಪರೀಕ್ಷೆ, ಕಟ್ಟಕಡೆಗೆ ಪ್ರೊಫೈಲಿನ ದುರಸ್ತಿ. ಒಂದು ಹೆಜ್ಜೆಯ ಫಲವನ್ನು ನೋಡಿದ ಮೇಲೆಯೇ ಮುಂದಿನದಕ್ಕೆ ಕೈಹಾಕುವ ಅಧ್ಯಾಪಕರು ಯಂತ್ರಕ್ಕೆ ಅಂಜಬೇಕಾದುದಿಲ್ಲ.