ಮನೆಯೊಳಗಿನ ಗಣಿ

ಚಿಕ್ಕಜಾಜೂರು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ಊರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗದಿಂದ ಚಿತ್ರದುರ್ಗದ ಕಡೆಯ ದಾರಿ ಕವಲೊಡೆಯುವುದು ಇಲ್ಲಿಯೇ. ಈ ಜಿಲ್ಲೆಯ ನೆಲದಲ್ಲಿ ಲೋಹಕ್ಕೆ ಕೊರತೆಯಿಲ್ಲ. ಇಲ್ಲಿನ ಗುಡ್ಡಗಳಿಂದ ಕಬ್ಬಿಣದ ಅದಿರನ್ನು ತೆಗೆಯುತ್ತಾರೆ. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ಕಳೆದ ಶತಮಾನದಲ್ಲಿ ತಾಮ್ರದ ಗಣಿ ನಡೆದಿತ್ತು. ಆದರೆ ಲೋಹವಿರುವುದು ಗುಡ್ಡದ ಒಡಲಿನಲ್ಲಿ ಮಾತ್ರವಲ್ಲ. ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿರುವ ಕೆಟ್ಟ ಫ್ಯಾನು, ಹಿತ್ತಿಲಿಗೆ ಬಿದ್ದ ಹಳೆಯ ಮಿಕ್ಸಿ, ಮೂಲೆ ಸೇರಿದ ಇಸ್ತ್ರಿಪೆಟ್ಟಿಗೆ, ಇವೂ ಒಂದು ಬಗೆಯ ಗಣಿಗಳೇ.

ಈ ಮಾತು ಬರಿಯ ಅಲಂಕಾರವಲ್ಲ. ಗಣಿಯಿಂದ ತೆಗೆದ ತಾಮ್ರದ ಅದಿರಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿನಷ್ಟು ತಾಮ್ರ ದೊರೆತರೆ ಹೆಚ್ಚು. ಉಳಿದುದು ಕಲ್ಲು, ಮಣ್ಣು. ಫ್ಯಾನಿನ ಒಳಗಿರುವ ತಂತಿಯಾದರೋ ಅಗೆದು, ಕರಗಿಸಿ, ಶುದ್ಧಮಾಡಿದ ತಾಮ್ರ. ಹಳೆಯ ಅಲ್ಯುಮಿನಿಯಂ ಅನ್ನು ಕರಗಿಸಿ ಮತ್ತೆ ಬಳಸಿದರೆ, ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಶೇಕಡ 95ರಷ್ಟು ಉಳಿತಾಯವಾಗುತ್ತದೆ.

ಈ ಗಣಿಯ ಮರ್ಮವನ್ನು ಬಲ್ಲವನು ಗುಜರಿಯವನು. ‘ಹಳೇ ಕಬ್ಬಿಣ, ಹಳೇ ಸಾಮಾನು’ ಎಂದು ಕೂಗುತ್ತ ಬೀದಿಗೆ ಬರುವ ಅವನನ್ನು ಜನರು ಹಗುರವಾಗಿ ಕಾಣುವುದುಂಟು. ಅವನ ಕೆಲಸವನ್ನು ಸ್ವಲ್ಪ ಗಮನಿಸಿದರೆ ಆ ಭಾವನೆ ಉಳಿಯದು. ಅವನ ಬಳಿ ಇರುವ ಅಯಸ್ಕಾಂತದ ತುಂಡೇ ಅವನ ಪ್ರಯೋಗಾಲಯ. ಕಬ್ಬಿಣ ಅದಕ್ಕೆ ಅಂಟಿಕೊಳ್ಳುತ್ತದೆ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಅಂಟುವುದಿಲ್ಲ. ಅರದಿಂದ ಮೆಲ್ಲಗೆ ಉಜ್ಜಿದಾಗ ಕೆಂಪು ಬಣ್ಣ ಕಂಡರೆ ತಾಮ್ರ, ಹಳದಿ ಕಂಡರೆ ಹಿತ್ತಾಳೆ. ಕೈಯಲ್ಲಿ ಹಿಡಿದಾಗ ಹಗುರವಾಗಿದ್ದು ಬೆಳ್ಳಗೆ ಹೊಳೆದರೆ ಅಲ್ಯುಮಿನಿಯಂ. ತಾಮ್ರದ ಸಾಂದ್ರತೆ ಅಲ್ಯುಮಿನಿಯಂನ ಮೂರು ಪಟ್ಟಿಗಿಂತ ಹೆಚ್ಚೆಂಬುದನ್ನು ವಿಜ್ಞಾನದ ಪುಸ್ತಕ ಹೇಳುತ್ತದೆ. ಅವನಿಗೆ ಅದನ್ನು ಕೈಯೇ ಹೇಳುತ್ತದೆ.

ಫ್ಯಾನನ್ನು ಬಿಚ್ಚುವಾಗ ಅವನು ಮೊದಲು ರೆಕ್ಕೆಗಳನ್ನು ಬೇರ್ಪಡಿಸುತ್ತಾನೆ. ಬಳಿಕ ಮೇಲಿನ ಹೊದಿಕೆಯನ್ನು ತೆಗೆಯುತ್ತಾನೆ. ಒಳಗೆ ತೆಳುವಾದ ಉಕ್ಕಿನ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ ಚಕ್ರವಿರುತ್ತದೆ. ಅದರ ಸೀಳುಗಳಲ್ಲಿ ಸುತ್ತಿರುವ ತಂತಿಯ ಸುರುಳಿಯೇ ಅವನ ಗುರಿ. ಕಬ್ಬಿಣಕ್ಕಿಂತ ತಾಮ್ರದ ಬೆಲೆ ಹಲವು ಪಟ್ಟು ಹೆಚ್ಚು. ಬಿಚ್ಚದೆ ಇಡೀ ಫ್ಯಾನನ್ನು ತೂಕಕ್ಕೆ ಹಾಕಿದರೆ ದೊರೆಯುವ ಹಣಕ್ಕೂ, ಬಿಚ್ಚಿ ಬೇರ್ಪಡಿಸಿ ಮಾರಿದರೆ ದೊರೆಯುವ ಹಣಕ್ಕೂ ಇರುವ ಅಂತರವೇ ಅವನ ದುಡಿಮೆಯ ಫಲ. ಬೆರೆತುದನ್ನು ಬೇರ್ಪಡಿಸುವ ಜಾಣ್ಮೆಯಿಂದ ಅವನ ಸಂಸಾರ ನಡೆಯುತ್ತದೆ.

ಆದರೆ ಲಾಭದ ಆತುರ ಈ ಜಾಣ್ಮೆಯನ್ನು ಕೆಡಿಸುವುದೂ ಉಂಟು. ವಿದ್ಯುತ್ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಚಾಕುವಿನಿಂದ ಸುಲಿಯಲು ಹೊತ್ತು ಹಿಡಿಯುತ್ತದೆ. ಬೆಂಕಿಗೆ ಹಾಕಿದರೆ ಕ್ಷಣಮಾತ್ರದಲ್ಲಿ ತಾಮ್ರ ಬಯಲಾಗುತ್ತದೆ. ಹಾಗೆ ಸುಟ್ಟಾಗ ಏಳುವ ಕಪ್ಪು ಹೊಗೆಯಲ್ಲಿ ಆಮ್ಲದ ಅನಿಲವೂ, ಡಯಾಕ್ಸಿನ್ ಎಂಬ ಘೋರ ವಿಷವೂ ಇರುತ್ತವೆ. ಅದನ್ನು ಮೊದಲು ಉಸಿರಾಡುವವನು ಸುಡುವವನೇ. ಅನಂತರ ಅವನ ಮಕ್ಕಳು, ನೆರೆಹೊರೆಯವರು. ಇಷ್ಟಾಗಿಯೂ ಸುಟ್ಟು ಕಪ್ಪಾದ ತಂತಿಗೆ, ಸುಲಿದು ಹೊಳೆಯುವ ತಂತಿಗಿಂತ ಕಡಿಮೆ ಬೆಲೆ. ಉಳಿಸಿದ ಹೊತ್ತಿಗೆ ಆರೋಗ್ಯವನ್ನೂ ಹಣವನ್ನೂ ತೆತ್ತಂತಾಯಿತು.

ಎಲ್ಲ ಉಪಕರಣಗಳೂ ಫ್ಯಾನಿನಂತೆ ಸಾಧುವಲ್ಲ. ಹಳೆಯ ಟಿ.ವಿ.ಯ ದಪ್ಪ ಗಾಜಿನ ಕೊಳವೆಯಲ್ಲಿ ಸೀಸವಿದೆ. ಒಡೆದರೆ ಚೂರುಗಳು ರಭಸದಿಂದ ಸಿಡಿಯುತ್ತವೆ. ಮೈಕ್ರೋವೇವ್ ಒಲೆಯ ಕೆಪಾಸಿಟರ್, ಪ್ಲಗ್ ಕಿತ್ತ ಮೇಲೂ ಮಾರಕವಾದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ಹಳೆಯ ಫ್ರಿಜ್ಜಿನ ಕೊಳವೆಯನ್ನು ಕತ್ತರಿಸಿದರೆ ಹೊರಬರುವ ಅನಿಲ ಭೂಮಿಯ ಓಜೋನ್ ಪದರವನ್ನು ಸವೆಸುತ್ತದೆ. ಅಂಥ ಅನಿಲಗಳನ್ನು ತಡೆಯಲೆಂದೇ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು; 1992ರಲ್ಲಿ ಭಾರತವೂ ಅದನ್ನು ಸೇರಿತು. ಆದುದರಿಂದ ಇಂಥ ಉಪಕರಣಗಳನ್ನು ಬಿಚ್ಚುವ ಸಾಹಸಕ್ಕೆ ವಿದ್ಯಾರ್ಥಿಗಳು ಎಂದೂ ಕೈಹಾಕಬಾರದು.

ಅರಿಯದೆ ಬಿಚ್ಚುವುದರ ಅಪಾಯವನ್ನು 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆ ಕಂಡಿತು. ಪ್ರಯೋಗಾಲಯವೊಂದರಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಯಂತ್ರವನ್ನು ಹರಾಜಿನಲ್ಲಿ ಮಾರಲಾಗಿತ್ತು. ಅದರೊಳಗೆ ವಿಕಿರಣ ಸೂಸುವ ಕೋಬಾಲ್ಟ್-60 ಇದ್ದುದು ಅದನ್ನು ಒಡೆದ ಕೆಲಸಗಾರರಿಗೆ ತಿಳಿದಿರಲಿಲ್ಲ. ಹಲವರು ಆಸ್ಪತ್ರೆ ಸೇರಿದರು. ಒಬ್ಬ ಪ್ರಾಣವನ್ನೇ ಕಳೆದುಕೊಂಡನು. ಅದು ಗೃಹೋಪಕರಣವಲ್ಲ, ನಿಜ. ಆದರೆ ತಪ್ಪು ಬಿಚ್ಚಿದವನದಲ್ಲ, ಒಳಗೇನಿದೆ ಎಂದು ತಿಳಿಸದೆ ಮಾರಿದವರದು ಎಂಬ ಪಾಠ ಎಲ್ಲ ವಸ್ತುಗಳಿಗೂ ಸಲ್ಲುತ್ತದೆ.

ಆ ಹೊಣೆಯನ್ನು ಈಗ ಕಾನೂನು ಗುರುತಿಸಿದೆ. ವಿದ್ಯುನ್ಮಾನ ಕಸಕ್ಕೆಂದೇ ರೂಪಿಸಿದ ನಿಯಮಗಳು ನಮ್ಮ ದೇಶದಲ್ಲಿ 2012ರಲ್ಲಿ ಜಾರಿಗೆ ಬಂದವು. 2023ರ ಏಪ್ರಿಲ್‌ನಿಂದ ಇನ್ನೂ ವಿಸ್ತಾರವಾದ ನಿಯಮಗಳು ಆಚರಣೆಯಲ್ಲಿವೆ. ಮಾರಿದ ವಸ್ತುವಿನ ಕೊನೆಯ ಗತಿಗೂ ತಯಾರಕನೇ ಹೊಣೆ ಎಂಬುದು ಇವುಗಳ ತಿರುಳು. ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ 2005ರಷ್ಟು ಹಿಂದೆಯೇ ‘ಇ-ಪರಿಸರ’ ಎಂಬ ಸಂಸ್ಥೆ ಇಂಥ ಕಸವನ್ನು ಕ್ರಮಬದ್ಧವಾಗಿ ಬೇರ್ಪಡಿಸುವ ಕಾರ್ಯವನ್ನು ಆರಂಭಿಸಿತು. ಆದರೂ ಸಾಗಬೇಕಾದ ದಾರಿ ದೂರವಿದೆ. 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ಕಸ 6 ಕೋಟಿ 20 ಲಕ್ಷ ಟನ್ನು. ಅದರಲ್ಲಿ ಸರಿಯಾದ ರೀತಿಯಲ್ಲಿ ಸಂಗ್ರಹವಾಗಿ ಸಂಸ್ಕರಣಗೊಂಡುದಕ್ಕೆ ದಾಖಲೆಯಿರುವುದು ಶೇಕಡ 22.3ಕ್ಕೆ ಮಾತ್ರ.

ಮನಸ್ಸು ಮಾಡಿದರೆ ಏನು ಸಾಧ್ಯವೆಂಬುದನ್ನು ಜಪಾನ್ ದೇಶ ತೋರಿಸಿತು. ಟೋಕಿಯೋ ಒಲಿಂಪಿಕ್ಸ್‌ಗಾಗಿ ಅಲ್ಲಿನ ಜನರು ತಮ್ಮ ಹಳೆಯ ಫೋನುಗಳನ್ನೂ ಸಣ್ಣಪುಟ್ಟ ಉಪಕರಣಗಳನ್ನೂ ಒಪ್ಪಿಸಿದರು. ಅವುಗಳಿಂದ 32 ಕಿಲೋಗ್ರಾಂ ಚಿನ್ನ ದೊರೆಯಿತು. 2021ರಲ್ಲಿ ನಡೆದ ಆ ಕ್ರೀಡಾಕೂಟದಲ್ಲಿ ವಿಜೇತರ ಕೊರಳನ್ನು ಅಲಂಕರಿಸಿದ ಪದಕಗಳು ಹೀಗೆ ಕಸದಿಂದ ಬಂದ ಲೋಹದಿಂದ ಆದವು.

ಕೆಟ್ಟ ವಸ್ತುವನ್ನು ಕೊಡುವಾಗ ಮನೆಯವರು ದೊರೆಯುವ ನಾಲ್ಕು ಕಾಸನ್ನು ಮಾತ್ರ ಎಣಿಸಿದರೆ ಸಾಲದು. ಅದು ಯಾರ ಕೈಗೆ ಹೋಗುತ್ತದೆ, ಆ ಕೈ ಸುರಕ್ಷಿತವಾಗಿ ಉಳಿಯುತ್ತದೆಯೇ ಎಂದೂ ವಿಚಾರಿಸಬೇಕು. ನೆಲದ ಗಣಿ ಒಂದು ದಿನ ಬರಿದಾಗುತ್ತದೆ. ಮನೆಯೊಳಗಿನ ಗಣಿಯನ್ನು ವಿವೇಕದಿಂದ ಬಳಸಿದರೆ ಅದೇ ತಾಮ್ರ ಮತ್ತೆ ತಂತಿಯಾಗುತ್ತದೆ, ಮತ್ತೊಂದು ಮನೆಯಲ್ಲಿ ಗಾಳಿ ಬೀಸುತ್ತದೆ.