ವಯಲ್ ಮೇಲಿನ ಎರಡೂ ಹೆಸರು ಓದಿ, ಆಮೇಲೆ ಇಂಜೆಕ್ಷನ್

ಯಲಹಂಕ ಉಪನಗರ, ಆರ್.ಟಿ. ನಗರ, ಯಶವಂತಪುರದ ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಸಂಜೆ ಹೊತ್ತು ಬರುವವರಲ್ಲಿ ಒಂದು ಬಗೆಯ ರೋಗಿಗಳು ಈಚೆಗೆ ಹೆಚ್ಚಾಗಿದ್ದಾರೆ. ಮುಂಗೈಯಲ್ಲಿ ಪ್ಲಾಸ್ಟರ್ ಸುತ್ತಿದ ಕ್ಯಾನುಲಾ, ಜೊತೆಗಿರುವ ಮಗನ ಅಥವಾ ಸೊಸೆಯ ಕೈಯಲ್ಲಿ ಮೆಡಿಕಲ್ ಶಾಪಿನ ಕವರ್, ಅದರಲ್ಲಿ ನಾಲ್ಕಾರು ಪುಡಿಯ ವಯಲ್. ದೊಡ್ಡ ಆಸ್ಪತ್ರೆಯಲ್ಲಿ ಮೂರು ನಾಲ್ಕು ದಿನ ಇದ್ದು, ಜ್ವರ ಇಳಿದ ಮೇಲೆ "ಉಳಿದ ಡೋಸ್ ಮನೆ ಹತ್ತಿರವೇ ಹಾಕಿಸಿಕೊಳ್ಳಿ" ಎಂದು ಹೇಳಿಸಿಕೊಂಡು ಬಂದವರು ಇವರು. ಬಿಲ್ ಉಳಿಯುತ್ತದೆ, ಹೆಬ್ಬಾಳ ಫ್ಲೈಓವರ್‌ನ ಟ್ರಾಫಿಕ್ಕೂ ತಪ್ಪುತ್ತದೆ. ಏರ್ಪಾಡೇನೋ ಒಳ್ಳೆಯದೇ. ಆದರೆ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್, ಸಿಸ್ಟರ್, ಡ್ಯೂಟಿ ಡಾಕ್ಟರ್ ಮೂವರು ನೋಡಿಕೊಳ್ಳುತ್ತಿದ್ದ ಎಚ್ಚರಿಕೆಗಳು ಈಗ ಮನೆಯವರ ಹೆಗಲಿಗೆ ಬಂದಿರುತ್ತವೆ. ಅದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಇಂಥ ವಯಲ್‌ಗಳಲ್ಲಿ ಬಹುಪಾಲು ಜೋಡಿ ಆ್ಯಂಟಿಬಯಾಟಿಕ್. ಪೆನಿಸಿಲಿನ್ ಜಾತಿಯ ಔಷಧಿಗಳನ್ನು ಒಡೆದುಹಾಕುವ ಕಿಣ್ವವನ್ನು ಕೆಲವು ಬ್ಯಾಕ್ಟೀರಿಯಾ ತಾವೇ ತಯಾರಿಸಿಕೊಳ್ಳುತ್ತವೆ. ಪೆನಿಸಿಲಿನ್ ಇನ್ನೂ ರೋಗಿಗಳ ಬಳಿ ತಲುಪುವ ಮೊದಲೇ, 1940ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ವಿಜ್ಞಾನಿಗಳಾದ ಅಬ್ರಹಾಂ ಮತ್ತು ಚೈನ್ ಇದನ್ನು ವರದಿ ಮಾಡಿದ್ದರು. ಆ ಕಿಣ್ವವನ್ನು ತಡೆಯಲೆಂದೇ ಸೇರಿಸುವ ಎರಡನೆಯ ಔಷಧಿ ಕ್ಲಾವುಲನಿಕ್ ಆ್ಯಸಿಡ್, ಸಲ್‌ಬ್ಯಾಕ್ಟಮ್ ಅಥವಾ ಟ್ಯಾಜೊಬ್ಯಾಕ್ಟಮ್. ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಮೊದಲನೆಯದು, ಅದಕ್ಕೆ ಕಾವಲು ನಿಲ್ಲುವುದು ಎರಡನೆಯದು. ಹಿನ್ನೆಲೆ ಇಷ್ಟು ಸಾಕು.

ಮೊದಲ ಹೆಜ್ಜೆ, ಈ ಇಂಜೆಕ್ಷನ್ ಬೇಕೇ ಎಂದು ಕೇಳುವುದು. ನೆಗಡಿ, ವೈರಲ್ ಜ್ವರ, ಡೆಂಗಿ ಇವುಗಳ ವೈರಸ್ ಮೇಲೆ ಈ ಔಷಧಿಗಳಿಂದ ಏನೂ ಆಗದು. "ಒಂದು ಸ್ಟ್ರಾಂಗ್ ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ" ಎಂದು ರೋಗಿಯ ಕಡೆಯವರೇ ಒತ್ತಾಯಿಸುವ ಅಭ್ಯಾಸ ನಿಲ್ಲಬೇಕು. ಕೇಳಬೇಕಾದ ಪ್ರಶ್ನೆ ಬೇರೆ ಇದೆ: "ಮೊದಲ ಡೋಸ್‌ಗೆ ಮುಂಚೆ ಕಲ್ಚರ್‌ಗೆ ಕಳಿಸಿದ್ದೀರಾ?" ರಕ್ತ, ಮೂತ್ರ ಅಥವಾ ಕೀವಿನ ಮಾದರಿಯನ್ನು ಆ್ಯಂಟಿಬಯಾಟಿಕ್ ಶುರುವಾಗುವ ಮೊದಲೇ ತೆಗೆದರೆ ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂಬುದು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ತಿಳಿಯುತ್ತದೆ. ಕಾಯಿಲೆ ತೀವ್ರವಾಗಿದ್ದರೆ ವೈದ್ಯರು ವರದಿಗೆ ಕಾಯದೆ ಶುರು ಮಾಡುತ್ತಾರೆ, ಅದು ಸರಿಯಾದ ಕ್ರಮ. ಆದರೆ ವರದಿ ಬಂದ ದಿನ ಅದನ್ನು ಯಾರಾದರೂ ನೋಡಲೇಬೇಕು. ಡಿಸ್ಚಾರ್ಜ್ ಆದ ಮೇಲೆ ಬರುವ ಕಲ್ಚರ್ ವರದಿ ಲ್ಯಾಬ್‌ನಲ್ಲೇ ಉಳಿದುಬಿಡುವುದು ತೀರಾ ಸಾಮಾನ್ಯ. ಫೋನ್ ಮಾಡಿ ತರಿಸಿಕೊಂಡು ವೈದ್ಯರಿಗೆ ತೋರಿಸುವ ಕೆಲಸ ಮನೆಯವರದು.

ಚೀಟಿ ಇಲ್ಲದೆ ಇವನ್ನು ಕೊಳ್ಳುವ ಹಾಗಿಲ್ಲ. ಸೆಫ್ಟ್ರಿಯಾಕ್ಸೋನ್, ಸೆಫೋಪೆರಜೋನ್, ಮೆರೊಪೆನೆಮ್‌ನಂಥವು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಹೆಸರು ವಿಳಾಸ ಕೇಳಿದರೆಂದು ಅಂಗಡಿಯವರ ಮೇಲೆ ಸಿಟ್ಟಾಗಬಾರದು, ಕೇಳದೆ ಕೊಡುವ ಅಂಗಡಿಯನ್ನೇ ಬಿಡಬೇಕು.

ಇನ್ನು ಅತಿ ಹೆಚ್ಚು ಎಡವುವ ಜಾಗ. ವಯಲ್ ಮೇಲಿನ ಹೆಸರು ಮತ್ತು ಅಂಕಿ.

ಜನ ನೆನಪಿಟ್ಟುಕೊಳ್ಳುವುದು ಬ್ರ್ಯಾಂಡ್ ಹೆಸರನ್ನು, ಅದರ ಬಾಲವನ್ನಲ್ಲ. ಮೊನೊಸೆಫ್ ಅಂದರೆ ಸೆಫ್ಟ್ರಿಯಾಕ್ಸೋನ್ ಒಂದೇ. ಮೊನೊಸೆಫ್ ಎಸ್‌ಬಿ ಅಂದರೆ ಅದರ ಜೊತೆ ಸಲ್‌ಬ್ಯಾಕ್ಟಮ್. ಎಸ್‌ಬಿ, ಟಿ, ಟಿಜೆಡ್, ಫೋರ್ಟೆ, ಪ್ಲಸ್ ಎಂಬ ಈ ಸಣ್ಣ ಬಾಲಗಳಲ್ಲೇ ಎರಡನೆಯ ಔಷಧಿ ಅಡಗಿರುತ್ತದೆ, ಒಂದೊಂದು ಕಂಪನಿಯ ಬಾಲ ಒಂದೊಂದು ಥರ. ಫೋನಿನಲ್ಲಿ ಹೆಸರು ಹೇಳಿ ತರಿಸುವಾಗ ಮೊದಲು ಬಿಟ್ಟುಹೋಗುವುದೇ ಈ ಬಾಲ.

ಅಂಕಿಯಂತೂ ಇನ್ನೂ ಮೋಸ ಮಾಡುತ್ತದೆ. ಜೋಡಿ ಔಷಧಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಗ್ರಾಂ ಲೆಕ್ಕ ಎರಡೂ ಸೇರಿದ ಮೊತ್ತ. ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ 4.5 ಗ್ರಾಂ ಎಂದರೆ 4 ಗ್ರಾಂ ಪಿಪೆರಾಸಿಲಿನ್, ಅರ್ಧ ಗ್ರಾಂ ಟ್ಯಾಜೊಬ್ಯಾಕ್ಟಮ್. ಆಗ್‌ಮೆಂಟಿನ್ 1.2 ಎಂದರೆ 1 ಗ್ರಾಂ ಅಮಾಕ್ಸಿಸಿಲಿನ್, 200 ಮಿಲಿಗ್ರಾಂ ಕ್ಲಾವುಲನಿಕ್ ಆ್ಯಸಿಡ್. ಸೆಫ್ಟ್ರಿಯಾಕ್ಸೋನ್ ಸಲ್‌ಬ್ಯಾಕ್ಟಮ್ ಜೊತೆಗಿದ್ದರೆ 1.5 ಗ್ರಾಂ, ಟ್ಯಾಜೊಬ್ಯಾಕ್ಟಮ್ ಜೊತೆಗಿದ್ದರೆ 1.125 ಗ್ರಾಂ. ಎರಡರಲ್ಲೂ ಸೆಫ್ಟ್ರಿಯಾಕ್ಸೋನ್ 1 ಗ್ರಾಂ ಮಾತ್ರ. ಸೆಫೋಪೆರಜೋನ್-ಸಲ್‌ಬ್ಯಾಕ್ಟಮ್ ಇನ್ನೂ ಗೊಂದಲದ್ದು: 1.5 ಗ್ರಾಂ ವಯಲ್‌ನಲ್ಲಿ ಒಂದು ಮತ್ತು ಅರ್ಧ, 2 ಗ್ರಾಂ ವಯಲ್‌ನಲ್ಲಿ ಒಂದು ಮತ್ತು ಒಂದು. ಅಂದರೆ 1.5 ಇರಲಿ 2 ಇರಲಿ, ಸೆಫೋಪೆರಜೋನ್ ಅಷ್ಟೇ, ಹೆಚ್ಚಿದ್ದು ಸಲ್‌ಬ್ಯಾಕ್ಟಮ್. "1.5 ಇಲ್ಲ, 2 ಇದೆ, ಇನ್ನೂ ಪವರ್ ಜಾಸ್ತಿ" ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಒಪ್ಪಬಾರದು. ಚೀಟಿ ಬರೆದ ವೈದ್ಯರಿಗೆ ಅಲ್ಲೇ ನಿಂತು ಫೋನ್ ಮಾಡಬೇಕು.

ಹೆಸರು ಓದುವುದರ ನಿಜವಾದ ಲಾಭ ಅಲರ್ಜಿ ವಿಷಯದಲ್ಲಿ ಗೊತ್ತಾಗುತ್ತದೆ. "ಅಪ್ಪನಿಗೆ ಪೆನಿಸಿಲಿನ್ ಆಗಲ್ಲ" ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತದೆ. ಆದರೆ ಪಿಪೆರಾಸಿಲಿನ್ ಕೂಡ ಪೆನಿಸಿಲಿನ್ನೇ, ಅಮಾಕ್ಸಿಸಿಲಿನ್ ಕೂಡ ಪೆನಿಸಿಲಿನ್ನೇ ಎಂಬುದು ಬ್ರ್ಯಾಂಡ್ ಹೆಸರಿನಿಂದ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳುವಾಗ ಒಮ್ಮೆ ಹೇಳಿದ್ದೇವಲ್ಲ ಎಂದು ಸುಮ್ಮನಿರುವುದು ಅಪಾಯ. ಹೊಸ ಕ್ಲಿನಿಕ್‌ನಲ್ಲಿ, ಹೊಸ ಸಿಸ್ಟರ್ ಬಂದಾಗ, ಪ್ರತಿ ಸಲವೂ ಹೇಳಬೇಕು. ಸೆಫ್ಟ್ರಿಯಾಕ್ಸೋನ್, ಸೆಫೋಪೆರಜೋನ್ ಈ ಪೆನಿಸಿಲಿನ್ ಜಾತಿಯ ಹತ್ತಿರದ ಬಂಧುಗಳು. ಪೆನಿಸಿಲಿನ್ ಆಗದವರಲ್ಲಿ ಹೆಚ್ಚಿನವರಿಗೆ ಅವು ಒಗ್ಗುತ್ತವೆ, ಆದರೂ ಹಿಂದೆ ಏನಾಗಿತ್ತು ಎಂಬುದನ್ನು ಕೇಳಿ ತೀರ್ಮಾನಿಸಬೇಕಾದವರು ವೈದ್ಯರು. ಮೈಮೇಲೆ ಗಂಧೆ ಎದ್ದಿತ್ತೇ, ಉಸಿರು ಕಟ್ಟಿತ್ತೇ, ಬರೀ ಹೊಟ್ಟೆ ಕೆಟ್ಟಿತ್ತೇ ಎಂದು ಬಿಡಿಸಿ ಹೇಳಿದರೆ ಅವರಿಗೆ ಅನುಕೂಲ. ಹೊಟ್ಟೆ ಕೆಟ್ಟದ್ದು ಅಲರ್ಜಿಯಲ್ಲ.

"ಟೆಸ್ಟ್ ಡೋಸ್ ಹಾಕಿ ನೋಡಿದ್ದಾರೆ, ಏನೂ ಆಗಿಲ್ಲ" ಎಂಬ ಧೈರ್ಯವೂ ಪೂರ್ತಿ ನಂಬುವಂಥದ್ದಲ್ಲ. ಚರ್ಮದಡಿ ಹಾಕಿದ ಹನಿ ಸುಮ್ಮನಿದ್ದರೂ ಪೂರ್ತಿ ಡೋಸ್ ಹೋದಾಗ ತೀವ್ರ ಅಲರ್ಜಿ ಬರಬಹುದು. ಎರಡು ಡೋಸ್ ಸಲೀಸಾಗಿ ಹೋಗಿ ಮೂರನೆಯದರಲ್ಲಿ ಬಂದದ್ದೂ ಉಂಟು. ಆದ್ದರಿಂದ ಇಂಜೆಕ್ಷನ್ ಆದಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು, ಬೈಕ್ ಹತ್ತಬಾರದು. ಅಂಗೈ ಅಂಗಾಲು ತುರಿಕೆ, ತುಟಿ ಊತ, ಗಂಟಲು ಬಿಗಿತ, ಉಸಿರಿನಲ್ಲಿ ಸಿಳ್ಳೆ, ಕಣ್ಣು ಕತ್ತಲಿಡುವುದು, ಇವುಗಳಲ್ಲಿ ಯಾವುದು ಕಂಡರೂ ಔಷಧಿ ನಿಲ್ಲಿಸಿ, ರೋಗಿಯನ್ನು ಮಲಗಿಸಿ, ಕಾಲು ಎತ್ತರಿಸಬೇಕು. ಉಸಿರಾಟ ಕಷ್ಟವಾದರೆ ಒರಗಿ ಕೂರಿಸಬಹುದು, ಎಬ್ಬಿಸಿ ನಡೆಸಬಾರದು. ಇಲ್ಲಿ ಜೀವ ಉಳಿಸುವುದು ತೊಡೆಯ ಹೊರಭಾಗದ ಸ್ನಾಯುವಿಗೆ ತಕ್ಷಣ ಕೊಡುವ ಅಡ್ರಿನಲಿನ್. ತುರಿಕೆ ಇಳಿಸುವ ಏವಿಲ್ ಇಂಜೆಕ್ಷನ್ ಕೊಟ್ಟು ನೋಡೋಣ ಎಂದು ಕಾಯುವುದು ತಪ್ಪು. "ನಿಮ್ಮಲ್ಲಿ ಅಡ್ರಿನಲಿನ್ ಇದೆಯಾ?" ಎಂದು ಮೊದಲ ಡೋಸ್‌ಗೆ ಮುಂಚೆಯೇ ಕೇಳುವುದರಲ್ಲಿ ಸಂಕೋಚ ಬೇಡ. ಇಲ್ಲ ಎಂದರೆ ಅಲ್ಲಿ ಹಾಕಿಸಬಾರದು. ಮೊದಲ ಡೋಸ್ ಅನ್ನು ಮನೆಯಲ್ಲಂತೂ ಯಾವ ಕಾರಣಕ್ಕೂ ಹಾಕಿಸಬಾರದು.

ಪುಡಿಯನ್ನು ಕರಗಿಸುವುದು ಸಿಸ್ಟರ್ ಕೆಲಸ. ಆದರೆ ಮನೆಯವರು ಕಣ್ಣಿಡಬೇಕಾದ ಎರಡು ವಿಷಯಗಳಿವೆ. ಒಂದು, ಯಾವ ಡ್ರಿಪ್ ಜೊತೆ ಎಂಬುದು. ಆರ್‌ಎಲ್ ಎಂದು ಬರೆದ ಬಾಟಲಿಯಲ್ಲಿ ಕ್ಯಾಲ್ಸಿಯಂ ಇರುತ್ತದೆ, ಸೆಫ್ಟ್ರಿಯಾಕ್ಸೋನ್ ಅದರೊಡನೆ ಸೇರಿದರೆ ಹರಳುಗಟ್ಟಬಹುದು. ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್‌ನ ಹಳೆಯ ಮಾದರಿಯೂ ಆರ್‌ಎಲ್‌ಗೆ ಹೊಂದುವುದಿಲ್ಲ. ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಆ್ಯಸಿಡ್ ಗ್ಲೂಕೋಸ್ ನೀರಿನಲ್ಲಿ ಬೇಗ ಕೆಡುತ್ತದೆ. ಹಾಗಾಗಿ ಸಾಮಾನ್ಯವಾಗಿ ನಾರ್ಮಲ್ ಸಲೈನ್ ಬಳಸುತ್ತಾರೆ. ಅಮಿಕಾಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಕೂಡ ಬರೆದಿದ್ದರೆ ಅದನ್ನು ಇದೇ ಬಾಟಲಿಗೆ ಬೆರೆಸಬಾರದು, ನಡುವೆ ಸಲೈನ್ ಹರಿಸಿ ಬೇರೆಯಾಗಿ ಕೊಡಬೇಕು.

ಎರಡನೆಯದು ವೇಗ. ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಕನಿಷ್ಠ ಅರ್ಧ ಗಂಟೆಯ ಡ್ರಿಪ್. ಕೆಲವು ವೈದ್ಯರು ಬೇಕೆಂದೇ ನಾಲ್ಕು ಗಂಟೆ ಹರಿಸಲು ಬರೆಯುತ್ತಾರೆ. ಕ್ಲಿನಿಕ್ ಬಾಗಿಲು ಹಾಕುವ ಹೊತ್ತಾಯಿತೆಂದು ಸಿರಿಂಜಿನಲ್ಲಿ ತಳ್ಳಿ ಮುಗಿಸುವಂತಿಲ್ಲ. ಆಗ್‌ಮೆಂಟಿನ್ 1.2 ಅನ್ನು ನಿಧಾನವಾಗಿ ಮೂರು ನಾಲ್ಕು ನಿಮಿಷ ಕೊಡಬಹುದು, ಆದರೆ ಕರಗಿಸಿದ ಇಪ್ಪತ್ತು ನಿಮಿಷದೊಳಗೆ ಬಳಸಬೇಕು. ಅರ್ಧ ವಯಲ್ ಮಿಕ್ಕಿತೆಂದು ಫ್ರಿಜ್‌ನಲ್ಲಿಟ್ಟು ಮರುದಿನ ತರುವುದು ಉಳಿತಾಯವಲ್ಲ, ಕೆಟ್ಟ ಔಷಧಿಯನ್ನು ರಕ್ತಕ್ಕೆ ಹಾಕಿಸಿಕೊಳ್ಳುವುದು.

ಡಿಸ್ಚಾರ್ಜ್ ಸಮ್ಮರಿಯಲ್ಲಿ "ಟಿಡಿಎಸ್", ಅಂದರೆ ದಿನಕ್ಕೆ ಮೂರು ಸಲ, ಎಂದು ಬರೆದದ್ದು ಕ್ಲಿನಿಕ್‌ಗೆ ಬರುವಷ್ಟರಲ್ಲಿ "ಬೆಳಿಗ್ಗೆ ಸಂಜೆ" ಆಗಿಬಿಡುತ್ತದೆ. ಕಾರಣ ಸರಳ. ಆರ್.ಟಿ. ನಗರದ್ದಾಗಲಿ ಯಲಹಂಕದ್ದಾಗಲಿ, ಸಣ್ಣ ಕ್ಲಿನಿಕ್ ಮಧ್ಯಾಹ್ನ ಮುಚ್ಚಿರುತ್ತದೆ, ರಾತ್ರಿ ಒಂಬತ್ತಕ್ಕೆ ಶಟರ್ ಎಳೆಯುತ್ತದೆ. ಪಿಪೆರಾಸಿಲಿನ್ ರಕ್ತದಲ್ಲಿ ಸುಮಾರು ಒಂದು ಗಂಟೆಗೇ ಅರ್ಧಕ್ಕೆ ಇಳಿಯುವ ಔಷಧಿ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು ಎಂದು ಎಂಟು ಗಂಟೆಗೊಮ್ಮೆ ಹೋಗದಿದ್ದರೆ ನಡುವಿನ ಹೊತ್ತಿನಲ್ಲಿ ಬ್ಯಾಕ್ಟೀರಿಯಾ ಮತ್ತೆ ಚಿಗುರುತ್ತದೆ. ಸೆಫ್ಟ್ರಿಯಾಕ್ಸೋನ್ ಹಾಗಲ್ಲ, ಅರ್ಧಕ್ಕೆ ಇಳಿಯಲು ಸುಮಾರು ಎಂಟು ಗಂಟೆ ಬೇಕು. ಅದಕ್ಕೇ ದಿನಕ್ಕೆ ಒಂದೋ ಎರಡೋ ಸಲ ಸಾಕಾಗುತ್ತದೆ. ಹಾಗಾಗಿ ಆಸ್ಪತ್ರೆ ಬಿಡುವ ಮುಂಚೆ ಕೇಳಬೇಕು: "ರಾತ್ರಿ ಹತ್ತರ ಡೋಸ್ ಯಾರು ಹಾಕುತ್ತಾರೆ?" ಉತ್ತರ ಸಿಗದಿದ್ದರೆ ಕಡಿಮೆ ಸಲ ಹಾಕುವ ಇಂಜೆಕ್ಷನ್‌ಗೋ ಮಾತ್ರೆಗೋ ಬದಲಿಸಲು ಸಾಧ್ಯವೇ ಎಂದು ವೈದ್ಯರನ್ನೇ ಕೇಳಬೇಕು, ಎಷ್ಟೋ ಸಲ ಸಾಧ್ಯವಿರುತ್ತದೆ. ತಪ್ಪಿಹೋದ ಡೋಸ್‌ಗೆ ಮುಂದಿನ ಸಲ ಎರಡು ಹಾಕಿಸಿಕೊಳ್ಳಬಾರದು.

ಯಲಹಂಕದ ಆಚೆ ರಾಜಾನುಕುಂಟೆ ಕಡೆಯ ಹಸು ಸಾಕುವ ಮನೆಗಳಿಗೆ ಇನ್ನೊಂದು ಮಾತು. ಕೆಚ್ಚಲು ಬಾವಿಗೆ ಪಶುವೈದ್ಯರು ಕೊಡುವ ಸೆಫ್ಟ್ರಿಯಾಕ್ಸೋನ್-ಟ್ಯಾಜೊಬ್ಯಾಕ್ಟಮ್ ಹೆಸರಿನಲ್ಲಿ ಮನುಷ್ಯರದ್ದನ್ನೇ ಹೋಲುತ್ತದೆ. ಪಶುಗಳ ವಯಲ್ ಮನೆಯವರ ಔಷಧಿ ಡಬ್ಬಿಯಲ್ಲಿ ಇರಕೂಡದು. ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಡೇರಿಗೆ ಹಾಕಬಾರದು. ಮನುಷ್ಯರಿಗಾಗಲಿ ಹಸುವಿಗಾಗಲಿ, ಬೇಕಾಬಿಟ್ಟಿ ಬಳಸಿದರೆ ಈ ಔಷಧಿಗಳು ಬ್ಯಾಕ್ಟೀರಿಯಾಕ್ಕೆ ನಾಟದಂತಾಗುತ್ತವೆ. ಹೊಸ ಔಷಧಿ ಹುಡುಕುವುದು ಎಷ್ಟು ಕಷ್ಟವೆಂಬುದು ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಕೇಂದ್ರ ಸಿ-ಕ್ಯಾಂಪ್‌ನಂಥ ಕಡೆ ದುಡಿಯುವವರಿಗೆ ಗೊತ್ತು. ಚೆನ್ನೈನ ಆರ್ಕಿಡ್ ಕಂಪನಿ ಕಂಡುಹಿಡಿದ ಎನ್‌ಮೆಟಜೊಬ್ಯಾಕ್ಟಮ್ ಎಂಬ ಕಾವಲು ಔಷಧಿ ಸೇರಿದ ಜೋಡಿಗೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಇರುವ ಔಷಧಿಗಳನ್ನು ಹಾಳುಮಾಡಿಕೊಂಡರೆ ಬದಲಿ ಸುಲಭವಾಗಿ ಬರುವುದಿಲ್ಲ.

ಉಳಿದವು ಬೇಗ ಬೇಗ. ಕಿಡ್ನಿ ತೊಂದರೆ ಇದ್ದವರು ಕ್ರಿಯಾಟಿನಿನ್ ವರದಿ ಒಯ್ಯಬೇಕು, ಡೋಸ್ ಬದಲಾಗಬಹುದು. ವಾರ್ಫರಿನ್ ಅಥವಾ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಸೆಫೋಪೆರಜೋನ್ ಇದ್ದರೆ ಚಿಕಿತ್ಸೆಯ ದಿನಗಳಲ್ಲಿ ಮತ್ತು ಮುಗಿದು ಐದು ದಿನ ಮದ್ಯ ಕೂಡದು, ಮದ್ಯಸಾರವಿರುವ ಟಾನಿಕ್ ಮತ್ತು ಅರಿಷ್ಟವೂ ಸೇರಿದಂತೆ. ಕ್ಯಾನುಲಾ ಸುತ್ತ ಕೆಂಪು, ನೋವು, ಊತ ಕಂಡರೆ ಅದೇ ದಿನ ತೆಗೆಸಬೇಕು. ನೀರುಭೇದಿ ಹೆಚ್ಚಾದರೆ ಭೇದಿ ನಿಲ್ಲಿಸುವ ಮಾತ್ರೆ ತಾವಾಗಿ ನುಂಗದೆ ವೈದ್ಯರಿಗೆ ತಿಳಿಸಬೇಕು. ಕ್ಲಾವುಲನಿಕ್ ಆ್ಯಸಿಡ್ ಇದ್ದ ಔಷಧಿ ಮುಗಿದು ಕೆಲವು ವಾರಗಳ ಮೇಲೂ ಕಣ್ಣು ಹಳದಿಯಾಗಬಹುದು, ಆಗ ಈ ಇಂಜೆಕ್ಷನ್ ಆಗಿತ್ತೆಂದು ನೆನಪಿಸಿ ಹೇಳಬೇಕು. ಸೂಜಿ, ಸಿರಿಂಜ್, ಖಾಲಿ ವಯಲ್ ಕಸದ ಆಟೋಗೆ ಬೇಡ, ಕ್ಲಿನಿಕ್‌ನಲ್ಲೇ ಬಿಟ್ಟು ಬರಬೇಕು. ಅಡ್ಡಪರಿಣಾಮವಾದರೆ ರೋಗಿಗಳೇ ವರದಿ ಮಾಡಬಹುದು, ಉಚಿತ ಸಹಾಯವಾಣಿ 1800-180-3024. ತುರ್ತಾದರೆ 108.