ಹೊಗೆಸೊಪ್ಪು ಮತ್ತು ಬಿಡದ ನೋವು



"ಸೊಂಟ ಹಿಡಿದಾಗ ಒಂದು ಬೀಡಿ ಎಳೆದರೆ ಹಗುರಾಗುತ್ತದೆ", "ಎಲೆ-ಅಡಿಕೆ ಜೊತೆ ಚೂರು ಹೊಗೆಸೊಪ್ಪು ಹಾಕಿದರೆ ಹಲ್ಲುನೋವು ನಿಲ್ಲುತ್ತದೆ" ಎನ್ನುವವರು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆ ಬಹಳ ಮಂದಿ. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಉಳಿದದ್ದನ್ನೂ ತಿಳಿಯಿರಿ.

ನಮ್ಮ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಅದು ಬೀಗದ ಕೈ ಇದ್ದಂತೆ. ಅದು ಕೂರುವ ಬೀಗಗಳಲ್ಲಿ ಒಂದು ಬಗೆಗೆ ನಿಕೋಟಿನಿಕ್ ಗ್ರಾಹಕ ಎಂದು ಹೆಸರು. ಹೊಗೆಸೊಪ್ಪಿನ ನಿಕೋಟಿನ್ ಈ ಬೀಗಕ್ಕೆ ಕಳ್ಳಕೈ. ಸ್ನಾಯುಗಳಲ್ಲಿಯೂ ಇದೇ ಜಾತಿಯ ಬೀಗಗಳಿವೆ. ನಾಗರಹಾವಿನ ವಿಷ ಅವನ್ನು ಮುಚ್ಚಿಬಿಡುವುದರಿಂದಲೇ ಕಚ್ಚಿಸಿಕೊಂಡವರ ರೆಪ್ಪೆ ಜೋತು ಬಿದ್ದು, ಉಸಿರು ಕಟ್ಟುತ್ತದೆ.

ಮಿದುಳು ಮತ್ತು ಬೆನ್ನುಹುರಿಯಲ್ಲಿ ನೋವನ್ನು ತಗ್ಗಿಸುವ ದಾರಿಗಳಲ್ಲಿ ಈ ಬೀಗಗಳಿರುವುದರಿಂದ ನಿಕೋಟಿನ್ ಸೇರಿದ ಕೂಡಲೇ ಕೊಂಚ ಆರಾಮ ಎನಿಸುತ್ತದೆ. ಆದರೆ ಪದೇ ಪದೇ ತೆರೆದ ಬೀಗ ಜಡವಾಗುತ್ತದೆ. ಶರೀರ ಇನ್ನಷ್ಟು ಬೀಗಗಳನ್ನು ಹುಟ್ಟಿಸುತ್ತದೆ. ಒಂದೆರಡು ಗಂಟೆಯಲ್ಲಿ ನಿಕೋಟಿನ್ ಇಳಿದಾಗ ಚಡಪಡಿಕೆ ಶುರುವಾಗಿ, ನೋವು ಮೊದಲಿಗಿಂತ ಚುರುಕಾಗಿ ತಿಳಿಯುತ್ತದೆ. ಮತ್ತೆ ಬೀಡಿ! ಅದು ಕಳೆಯುವ ನೋವಿನಲ್ಲಿ ಒಂದು ಪಾಲು ಅದೇ ತಂದದ್ದು. ಸಾಲದ್ದಕ್ಕೆ ರಕ್ತನಾಳಗಳು ಕಿರಿದಾಗಿ ಬೆನ್ನಿನ ಡಿಸ್ಕಿಗೆ ಪೋಷಣೆ ಕಡಿಮೆಯಾಗುತ್ತದೆ, ಮುರಿದ ಮೂಳೆ ಕೂಡುವುದು ತಡವಾಗುತ್ತದೆ.

ಇದೇ ಬೀಗದ ಮೂಲಕ ನೋವಿಗೆ ಔಷಧಿ ಮಾಡಬಾರದೇ ಎಂದು ನೀವು ಕೇಳಬಹುದು. ಪ್ರಯತ್ನ ನಡೆದಿದೆ. ಈಕ್ವೆಡಾರ್ ದೇಶದ ವಿಷಕಪ್ಪೆಯ ಚರ್ಮದಲ್ಲಿ ಸಿಕ್ಕ ಎಪಿಬ್ಯಾಟಿಡಿನ್ ಎಂಬ ವಸ್ತುವಿನ ರಚನೆ 1992ರಲ್ಲಿ ಪ್ರಕಟವಾಯಿತು. ಇಲಿಗಳಲ್ಲಿ ಅದು ಮಾರ್ಫಿನ್‌ಗಿಂತ ಸುಮಾರು 200 ಪಟ್ಟು ಪ್ರಬಲ. ಆದರೆ ನೋವು ಕಳೆಯುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಅದರ ಮಾದರಿಯಲ್ಲಿ ತಯಾರಿಸಿದ ಇನ್ನೊಂದು ಔಷಧಿಯನ್ನು ಸಕ್ಕರೆ ಕಾಯಿಲೆಯವರ ನರನೋವಿಗೆ ಕೊಟ್ಟು ನೋಡಿದಾಗ ನೋವು ಇಳಿದರೂ ವಾಕರಿಕೆ, ತಲೆಸುತ್ತು ತಡೆಯಲಾಗದೆ ಕೈಬಿಟ್ಟರು.

"ನಾನು ಬರೀ ಅಡಿಕೆ ಹಾಕುವುದು" ಎನ್ನುವವರೂ ಕೇಳಿ. ಅಡಿಕೆಯ ಅರೆಕೋಲಿನ್ ಕೂಡ ಈ ಬೀಗಗಳಲ್ಲಿ ಕೆಲವನ್ನು ಅರೆಬರೆ ತೆರೆಯುತ್ತದೆಂದು 2015ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಅಡಿಕೆ ತೋಟದ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟವೇ, ಆದರೂ ಹೇಳಬೇಕು.

ಬಿಟ್ಟ ಮೊದಲ ಒಂದೆರಡು ವಾರ ನೋವು ಹೆಚ್ಚಿದಂತೆ ಕಾಣಬಹುದು. ಹೆದರಬೇಡಿ, ಹೆಚ್ಚಿದ್ದ ಬೀಗಗಳು ವಾರಗಳು ಕಳೆದಂತೆ ತಗ್ಗುತ್ತವೆ. ಆಪರೇಷನ್ ಇದ್ದರೆ ಬೀಡಿ, ಹೊಗೆಸೊಪ್ಪಿನ ಅಭ್ಯಾಸವನ್ನು ವೈದ್ಯರಿಗೆ ಮುಚ್ಚಿಡಬೇಡಿ. ಬಿಡಲು ನೆರವು ಬೇಕಾದವರು ಉಚಿತ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ. ರೋಗಿಯ ಜೊತೆ ಬಂದವರು, "ಪಾಪ, ನೋವು ತಿನ್ನುತ್ತಿದ್ದಾರೆ" ಎಂದು ವಾರ್ಡಿಗೆ ಗುಟ್ಟಾಗಿ ಬೀಡಿ, ಹೊಗೆಸೊಪ್ಪು ತಂದುಕೊಡಬೇಡಿ.